ಮ್ಯೂಸಿಯಂ ಉಗ್ರಾಣದ ಮಾಹಿತಿ ಡೆವಲಪರ್‌ಗಳ ಕೈಗೆ: ಏನಿದು 'ಕೋಡಿಂಗ್ ಡಾ ವಿಂಚಿ'?

ಮ್ಯೂಸಿಯಂಗೆ ಹೋದವರ ಕಣ್ಣಿಗೆ ಬೀಳುವುದು ಗಾಜಿನ ಹಿಂದೆ ಜೋಡಿಸಿಟ್ಟ ಕೆಲವೇ ವಸ್ತುಗಳು. ದೊಡ್ಡ ಮ್ಯೂಸಿಯಂಗಳ ಸಂಗ್ರಹದಲ್ಲಿ ಬಹುಪಾಲು ಉಗ್ರಾಣದಲ್ಲೇ ಉಳಿದಿರುತ್ತದೆ. ಅವುಗಳ ಫೋಟೊ, ಧ್ವನಿಮುದ್ರಣ ಮತ್ತು ವಿವರಗಳನ್ನು ಸಾಫ್ಟ್‌ವೇರ್ ಡೆವಲಪರ್‌ಗಳಿಗೆ ಮುಕ್ತವಾಗಿ ಕೊಟ್ಟು, ಹೊಸದೇನಾದರೂ ಮಾಡುವಂತೆ ಆಹ್ವಾನಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಜರ್ಮನಿಯ 'ಕೋಡಿಂಗ್ ಡಾ ವಿಂಚಿ' ಅದರಲ್ಲಿ ಹೆಸರು ಮಾಡಿದ ಪ್ರಯೋಗ.

ಬರ್ಲಿನ್‌ನಲ್ಲಿ ಆರಂಭ

ಇದು ಶುರುವಾದದ್ದು 2014ರಲ್ಲಿ. ಜರ್ಮನ್ ಡಿಜಿಟಲ್ ಲೈಬ್ರರಿ, ಓಪನ್ ನಾಲೆಜ್ ಫೌಂಡೇಶನ್ ಜರ್ಮನಿ, ವಿಕಿಮೀಡಿಯ ಜರ್ಮನಿ ಮತ್ತು ಬರ್ಲಿನ್‌ನ ಡಿಜಿಟಲೀಕರಣ ಸೇವಾ ಕೇಂದ್ರ ಒಟ್ಟಾಗಿ ಇದನ್ನು ರೂಪಿಸಿದವು.

ಸಾಮಾನ್ಯ ಹ್ಯಾಕಥಾನ್ ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಹಾಗಲ್ಲ. ಮೊದಲ ವಾರಾಂತ್ಯದಲ್ಲಿ ಮ್ಯೂಸಿಯಂ ಸಿಬ್ಬಂದಿಯೇ ತಮ್ಮ ಸಂಗ್ರಹವನ್ನು ಪರಿಚಯಿಸುತ್ತಿದ್ದರು. ಆನಂತರ ತಂಡಗಳು ವಾರಗಟ್ಟಲೆ ಕೆಲಸ ಮಾಡಿ ಫಲಿತಾಂಶವನ್ನು ತೀರ್ಪುಗಾರರ ಮುಂದಿಡುತ್ತಿದ್ದವು. 2022ರವರೆಗೆ ಜರ್ಮನಿಯ ಬೇರೆ ಬೇರೆ ಭಾಗಗಳಲ್ಲಿ ಈ ಸ್ಪರ್ಧೆ ನಡೆಯಿತು.

ಇದರಿಂದ ಹುಟ್ಟಿದ್ದೇನು?

ಬರ್ಲಿನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹಕ್ಕಿ ಧ್ವನಿಗಳನ್ನು ಬಳಸಿ ಒಂದು ತಂಡ ಅಲಾರಂ ಆ್ಯಪ್ ಮಾಡಿತು. ಬೆಳಗ್ಗೆ ಕೂಗಿದ ಹಕ್ಕಿ ಯಾವುದೆಂದು ಸರಿಯಾಗಿ ಗುರುತಿಸಿದರಷ್ಟೇ ಅಲಾರಂ ನಿಲ್ಲುತ್ತದೆ!

ಇನ್ನೊಂದು ತಂಡ ಕೈಗೆತ್ತಿಕೊಂಡದ್ದು ನಾಜಿ ಆಡಳಿತ ನಿಷೇಧಿಸಿದ ಪುಸ್ತಕಗಳ ಪಟ್ಟಿಯನ್ನು. ಪಟ್ಟಿಯಲ್ಲಿ ಬರೀ ಒಂದು ಸಾಲಾಗಿ ಉಳಿದಿದ್ದ ಲೇಖಕರು ಮತ್ತು ಪ್ರಕಾಶಕರನ್ನು ಹೆಸರು ಹಿಡಿದು ಹುಡುಕುವಂತೆ ಆ ತಂಡ ವೆಬ್‌ಸೈಟ್ ರೂಪಿಸಿತು. ಅಳಿಸಿಹಾಕಲು ಹೊರಟಿದ್ದ ಹೆಸರುಗಳು ಹೀಗೆ ಮತ್ತೆ ಓದುಗರ ಮುಂದೆ ಬಂದವು.

ಫೋಟೊ ಹಾಕಿದರೆ ಸಾಲದೇ?

ಸಾಲದು. ಇಂಥ ಪ್ರಯೋಗಕ್ಕೆ ಮುಖ್ಯವಾಗಿ ಮೂರು ಅಂಶಗಳು ಬೇಕು.

* ದತ್ತಾಂಶದ ರೂಪ: ಸ್ಕ್ಯಾನ್ ಮಾಡಿದ ಪುಟವನ್ನು ಮನುಷ್ಯರು ಓದಬಹುದು; ಆದರೆ ಕಂಪ್ಯೂಟರ್‌ಗೆ ಹೆಸರು, ವರ್ಷ, ಸ್ಥಳ ಬೇರೆ ಬೇರೆಯಾಗಿ ಸಿಗಬೇಕು. ಒಂದು ತಂತ್ರಾಂಶ ಇನ್ನೊಂದರಿಂದ ನೇರವಾಗಿ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆಗೆ ಎಪಿಐ ಎನ್ನುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ 2011ರಲ್ಲೇ ಇದನ್ನು ಒದಗಿಸಿತ್ತು.
* ಸ್ಪಷ್ಟ ಪರವಾನಗಿ: ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರವರಿಯಲ್ಲಿ ಸುಮಾರು 3.75 ಲಕ್ಷ ಚಿತ್ರಗಳನ್ನು 'ಸಿಸಿ ಝೀರೊ' ಅಡಿ ಬಿಡುಗಡೆ ಮಾಡಿತು. ಅಂದರೆ ಅವುಗಳನ್ನು ಯಾರ ಅನುಮತಿಯನ್ನೂ ಕೇಳದೆ ಬಳಸಬಹುದು. 2020ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 28 ಲಕ್ಷ ಚಿತ್ರಗಳೊಂದಿಗೆ ಇದೇ ಹಾದಿ ಹಿಡಿಯಿತು.
* ವಿಷಯ ಬಲ್ಲವರ ಜೊತೆ: ಹಳೆಯ ವಿವರಪಟ್ಟಿಗಳಲ್ಲಿ ತಪ್ಪು ಕಾಗುಣಿತ, ಒಂದೇ ಊರಿಗೆ ಎರಡು ಹೆಸರು ಸಾಮಾನ್ಯ. ಕ್ಯುರೇಟರ್ ಪಕ್ಕದಲ್ಲಿದ್ದರೆ ಡೆವಲಪರ್ ಇಂಥ ಕಡೆ ಎಡವುವುದಿಲ್ಲ.

ಮಿತಿಗಳೂ ಇವೆ

ಎಲ್ಲವನ್ನೂ ತೆರೆದಿಡಲಾಗದು. ಭಾರತದಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡು 60 ವರ್ಷಗಳವರೆಗೆ ಕೃತಿಗೆ ಹಕ್ಕುಸ್ವಾಮ್ಯ ಇರುತ್ತದೆ. ಆದಿವಾಸಿ ಸಮುದಾಯಗಳ ಪವಿತ್ರ ವಸ್ತುಗಳ ವಿಷಯದಲ್ಲಿ ಆಯಾ ಸಮುದಾಯದ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಇನ್ನೊಂದು ಸಮಸ್ಯೆ ನಿರ್ವಹಣೆಯದ್ದು. ಸ್ಪರ್ಧೆ ಮುಗಿದ ಮೇಲೆ ನೋಡಿಕೊಳ್ಳುವವರಿಲ್ಲದಿದ್ದರೆ ಎಂಥ ಒಳ್ಳೆಯ ಆ್ಯಪ್ ಆದರೂ ಮೂಲೆ ಸೇರುತ್ತದೆ.

ನಮ್ಮಲ್ಲಿ ಹೇಗಿದೆ?

ಪುಣೆಯ ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ 'ಜತನ್' ತಂತ್ರಾಂಶದ ನೆರವಿನಿಂದ 'ಮ್ಯೂಸಿಯಮ್ಸ್ ಆಫ್ ಇಂಡಿಯಾ' ಪೋರ್ಟಲ್ ರೂಪುಗೊಂಡಿದೆ. ದೆಹಲಿಯ ನ್ಯಾಷನಲ್ ಮ್ಯೂಸಿಯಂ, ಹೈದರಾಬಾದ್‌ನ ಸಾಲಾರ್ ಜಂಗ್ ಮ್ಯೂಸಿಯಂ ಸಂಗ್ರಹಗಳನ್ನು ಅಲ್ಲಿ ನೋಡಬಹುದು. ರಾಷ್ಟ್ರೀಯ ಪತ್ರಾಗಾರದ ದಾಖಲೆಗಳನ್ನು ಹುಡುಕಲು 'ಅಭಿಲೇಖ್ ಪಟಲ್' ಇದೆ.

ಕನ್ನಡದಲ್ಲೂ ಉದಾಹರಣೆಗಳಿವೆ. 'ವಚನ ಸಂಚಯ' ತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಸಿಗುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಿಲಾಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿದೆ. ರಸ್ತೆ, ಕಟ್ಟಡ ಕಾಮಗಾರಿಗಳ ನಡುವೆ ಕಲ್ಲು ನಾಳೆ ಕಾಣೆಯಾದರೂ ಅದರ ಅಕ್ಷರಗಳು ಉಳಿಯುತ್ತವೆ.

ಪ್ರಯೋಗ ಮಾಡಿ ನೋಡಬಯಸುವ ಡೆವಲಪರ್‌ಗಳು ಮೆಟ್ರೊಪಾಲಿಟನ್ ಮ್ಯೂಸಿಯಂನ ಎಪಿಐಯಿಂದ ಶುರು ಮಾಡಬಹುದು. ಅದು ಉಚಿತ, ನೋಂದಣಿಯೂ ಬೇಕಿಲ್ಲ.