ಹೆವಿ ಮೆಟಲ್ ಹುಟ್ಟಿದ ಕತೆ: ಒಂದು ಗಿಟಾರು, ಒಂದು ಡ್ರಮ್ಮು

ಹೆವಿ ಮೆಟಲ್ ಎಂದರೆ ನಮ್ಮ ಹಿರಿಯರಿಗೆ ಕಿವಿಗಡಚಿಕ್ಕುವ ಗಲಾಟೆ. ಹೈಸ್ಕೂಲಿನ ಕೆಲವು ಹುಡುಗರಿಗೆ ಅದೇ ಪ್ರಾಣ. ಈ ಜಗಳದಲ್ಲಿ ಯಾರ ಪರವನ್ನೂ ನಾನು ವಹಿಸುವುದಿಲ್ಲ. ಆ ಸದ್ದಿನ ಒಳಗೆ ಗಿಟಾರ್ ನುಡಿಸುವವನೂ ಡ್ರಮ್ ಬಾರಿಸುವವನೂ ಒಬ್ಬರನ್ನೊಬ್ಬರು ಎಷ್ಟು ಗಮನವಿಟ್ಟು ಕೇಳುತ್ತಿರುತ್ತಾರೆ ಎಂಬುದನ್ನಷ್ಟೇ ಇಲ್ಲಿ ಹೇಳಬೇಕೆಂದಿದ್ದೇನೆ. ಅದು ತಿಳಿಯಬೇಕಾದರೆ ಇಂಗ್ಲೆಂಡಿನ ಒಂದು ಕಾರ್ಖಾನೆಗೆ ಹೋಗಬೇಕು.

ಬರ್ಮಿಂಗ್‌ಹ್ಯಾಮ್ ಕಬ್ಬಿಣ, ತಗಡು, ಯಂತ್ರಗಳ ಊರು. ಟೋನಿ ಐಯೋಮಿ ಮತ್ತು ಬಿಲ್ ವಾರ್ಡ್ ಇಬ್ಬರೂ 1948ರಲ್ಲಿ ಅಲ್ಲೇ ಹುಟ್ಟಿದವರು. ಐಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 1965ರಲ್ಲಿ, ಅವನಿಗೆ 17 ವರ್ಷವಾಗಿದ್ದಾಗ, ಸಂಗೀತವನ್ನೇ ನಂಬಿ ಬದುಕಲು ಕೆಲಸ ಬಿಟ್ಟ. ಕೊನೆಯ ದಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ನಡುಬೆರಳುಗಳ ತುದಿಗಳು ಹೋದವು. ಅವನು ಎಡಚ, ಗಿಟಾರಿನ ತಂತಿ ಒತ್ತುವುದು ಬಲಗೈಯಲ್ಲೇ. ಇನ್ನು ಗಿಟಾರ್ ಮುಗಿಯಿತು ಎಂದೇ ಎಲ್ಲರೂ ತಿಳಿದರು.

ಆಗ ಕಾರ್ಖಾನೆಯ ಮೇಲ್ವಿಚಾರಕ ಒಂದು ಹಾಡಿನ ತಟ್ಟೆ ತಂದು ಕೇಳಿಸಿದ. ಅದು ಜಾಂಗೋ ರೈನ್‌ಹಾರ್ಟ್ ಎಂಬ ಜಾಝ್ ಕಲಾವಿದನ ಗಿಟಾರ್. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಶಕ್ತಿ ಕಳೆದುಕೊಂಡರೂ ಜಗತ್ತೇ ಮೆಚ್ಚುವಂತೆ ನುಡಿಸಿದವನು ಈತ. ಐಯೋಮಿಗೆ ಧೈರ್ಯ ಬಂತು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿದ, ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಲು ನೋವಾಗುತ್ತಿದ್ದುದರಿಂದ ತೆಳು ತಂತಿ ಹಾಕಿದ. ಮುಂದೆ ಶ್ರುತಿಯನ್ನೂ ಇಳಿಸಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಶ್ರುತಿ ಮೂರು ಅರ್ಧಸ್ವರ ಕೆಳಗಿದೆ. ಇಳಿದ ಶ್ರುತಿಯಿಂದ ನಾದವೂ ಗಾಢವಾಯಿತು. ಕ್ಲಿಷ್ಟವಾದ ಬೆರಳಾಟಕ್ಕಿಂತ ಷಡ್ಜ ಪಂಚಮಗಳನ್ನು ಒಟ್ಟಿಗೆ ಹಿಡಿದು ಮೊಳಗಿಸುವುದು ಅವನ ಕೈಗೆ ಒಗ್ಗಿತು.

ಇಂಥ ಗಿಟಾರಿಗೆ ತಾಳ ಕೊಡುವುದು ಹೇಗೆ? ಇಲ್ಲಿ ಬಿಲ್ ವಾರ್ಡ್ ಬರುತ್ತಾನೆ.

ಸಾಮಾನ್ಯವಾಗಿ ರಾಕ್, ಪಾಪ್ ಹಾಡುಗಳಲ್ಲಿ ಡ್ರಮ್ಮರನ ಜೊತೆಗಾರ ಬಾಸ್ ಗಿಟಾರಿನವನು. ಅವರಿಬ್ಬರೂ ಸೇರಿ ತಳಪಾಯ ಹಾಕುತ್ತಾರೆ, ಗಿಟಾರು ಹಾಡು ಅದರ ಮೇಲೆ ಕೂರುತ್ತವೆ. ವಾರ್ಡ್ ಹಾಗೆ ಮಾಡಲಿಲ್ಲ. ಅವನು ಜೀನ್ ಕ್ರುಪನಂಥ ಜಾಝ್ ಡ್ರಮ್ಮರುಗಳನ್ನು ಕೇಳಿ ಬೆಳೆದವನು. ಒಂದೇ ಲೆಕ್ಕವನ್ನು ಗಡಿಯಾರದಂತೆ ಬಾರಿಸುತ್ತ ಕೂರದೆ, ಐಯೋಮಿಯ ಒಂದೊಂದು ನುಡಿಗೂ ಉತ್ತರ ಕೊಟ್ಟ. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿದಾಗ ಮದ್ದಳೆಯವರು ಅವರ ಬಾಯಿಯನ್ನೇ ನೋಡುತ್ತ ನುಡಿಸುವುದನ್ನು ನೆನಪಿಸಿಕೊಂಡರೆ ನಮಗಿದು ಬೇಗ ಅರ್ಥವಾಗುತ್ತದೆ.

ಇವರ ತಂಡ 'ಬ್ಲ್ಯಾಕ್ ಸಬ್ಬತ್'. ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ, ಎಲ್ಲರೂ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿದರು. 1970ರ ಫೆಬ್ರವರಿ 13ರಂದು ಅದು ಹೊರಬಂತು. ತಂಡದ ಹೆಸರಿನದೇ ಆದ ಮೊದಲ ಹಾಡನ್ನು ಕೇಳಿ. ಗಿಟಾರಿನಲ್ಲಿ ಇರುವುದು ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ತೀರಾ ವಿಳಂಬ. ಸ್ವರ ಮತ್ತು ಸ್ವರದ ನಡುವೆ ದೊಡ್ಡ ಖಾಲಿ ಜಾಗ. ವಾರ್ಡ್ ಆ ಜಾಗವನ್ನು ಪೂರ್ತಿ ತುಂಬಿಬಿಡುವುದಿಲ್ಲ. ಎಲ್ಲೋ ದೂರದಲ್ಲಿ ಗುಡುಗು ಉರುಳಿದಂತೆ ಒಂದೆರಡು ಉರುಳಿಕೆ ಬಾರಿಸಿ ಸುಮ್ಮನಾಗುತ್ತಾನೆ. ಮೈ ಜುಮ್ಮೆನ್ನುವುದು ಆ ಮೌನದಿಂದ. ಹಾಡಿನ ಕೊನೆಯಲ್ಲಿ ಗಿಟಾರ್ ಓಟಕ್ಕೆ ಬಿದ್ದಾಗ ಡ್ರಮ್ಮೂ ಅದರ ಬೆನ್ನಿಗೆ ಬಿದ್ದು ಓಡುತ್ತದೆ. 'ಹೆವಿ', ಅಂದರೆ ಭಾರ ಎಂಬ ಮಾತಿಗೆ ಅರ್ಥ ಬಂದದ್ದು ಬರೀ ಜೋರು ಸದ್ದಿನಿಂದಲ್ಲ, ಈ ಹೊಂದಾಣಿಕೆಯಿಂದ.

ಮುಂದಿನ ತಲೆಮಾರು ಇದನ್ನು ಬೇರೆ ದಾರಿಯಲ್ಲಿ ಬೆಳೆಸಿತು. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಡೆನ್ಮಾರ್ಕ್ ಮೂಲದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನಿಂದ ಜೇಮ್ಸ್ ಹೆಟ್‌ಫೀಲ್ಡ್ ಸಿಕ್ಕಿದ. ಹುಟ್ಟಿದ್ದು 'ಮೆಟಾಲಿಕಾ'. ಹೆಟ್‌ಫೀಲ್ಡ್ ತಂತಿಯನ್ನು ಹೆಚ್ಚಾಗಿ ಮೇಲಿನಿಂದ ಕೆಳಕ್ಕೇ, ಅತಿ ವೇಗವಾಗಿ ಬಡಿಯುತ್ತಾನೆ. ಅಂದರೆ ಅವನ ಗಿಟಾರೇ ಒಂದು ತಾಳವಾದ್ಯ! ಉಲ್ರಿಕ್ ಬಾಸ್ ಬಿಟ್ಟು ಈ ಗಿಟಾರಿನ ಮೇಲೇ ಕಿವಿಯಿಟ್ಟ. ಹೆಟ್‌ಫೀಲ್ಡ್ ಕಟ್ಟಿದ ತುಣುಕುಗಳನ್ನು ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವುದರಲ್ಲಿಯೂ ಅವನ ಪಾಲು ದೊಡ್ಡದು. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಎಂಬ ಎಂಟು ನಿಮಿಷ ಮೀರಿದ ಹಾಡು ಇಂಥ ಜೋಡಣೆಗೆ ಒಳ್ಳೆಯ ಮಾದರಿ. ಈ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೂ ನುಡಿಸಿದೆ.

ಟೆಕ್ಸಾಸಿನ 'ಪ್ಯಾಂಟೆರಾ'ದಲ್ಲಿ ಗಿಟಾರು ಡ್ರಮ್ಮುಗಳು ಒಂದೇ ಮನೆಯವು. ವಿನ್ನಿ ಪಾಲ್ ಅಣ್ಣ, ಡೈಮ್‌ಬ್ಯಾಗ್ ಡ್ಯಾರೆಲ್ ತಮ್ಮ. ಮೊದಲು ತಮ್ಮನಿಗೂ ಡ್ರಮ್ಮಿನ ಆಸೆಯಿತ್ತಂತೆ. ಅಣ್ಣನ ಕೈ ಮುಂದಾದಾಗ ಗಿಟಾರ್ ಹಿಡಿದ. ಚಿಕ್ಕಂದಿನಿಂದ ಜೊತೆಯಲ್ಲೇ ಅಭ್ಯಾಸ ಮಾಡಿದ ಅವರ ಹಾಡುಗಳಲ್ಲಿ ಗಿಟಾರಿನ ಪೆಟ್ಟೂ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟೂ ಕೂದಲೆಳೆಯ ಅಂತರವಿಲ್ಲದೆ ಒಟ್ಟಿಗೆ ಬೀಳುತ್ತವೆ. 2004ರ ಡಿಸೆಂಬರ್ 8ರಂದು ಓಹಾಯೋದಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗಲೇ ಡ್ಯಾರೆಲ್‌ನನ್ನು ಗುಂಡಿಟ್ಟು ಕೊಂದರು. ಡ್ರಮ್ಮಿನ ಹಿಂದೆ ಅಣ್ಣನಿದ್ದ. 2018ರಲ್ಲಿ ಅವನೂ ತೀರಿಕೊಂಡ.

ಬ್ಲ್ಯಾಕ್ ಸಬ್ಬತ್ತಿನ ಜೋಡಿಯೂ ಉದ್ದಕ್ಕೂ ಒಟ್ಟಿಗೆ ಉಳಿಯಲಿಲ್ಲ. 2012ರಲ್ಲಿ ಕರಾರಿನ ವಿಚಾರ ಕೂಡಿಬರದೆ ವಾರ್ಡ್ ಹೊರಗುಳಿದ. ಮರುವರ್ಷದ ಆಲ್ಬಮ್ಮಿಗೆ ಬೇರೆ ಡ್ರಮ್ಮರ್ ಬಂದ. 2017ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿದಾಯದ ಕಾರ್ಯಕ್ರಮ ನಡೆದಾಗಲೂ ವಾರ್ಡ್ ಇರಲಿಲ್ಲ.

ಕೊನೆಗೆ 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಮೊದಲಿನ ನಾಲ್ವರೂ ಸೇರಿದರು. ಮೆಟಾಲಿಕಾದವರು ಬಂದು ನುಡಿಸಿದರು. ಅಣ್ಣತಮ್ಮಂದಿರ ಜಾಗದಲ್ಲಿ ಬೇರೆಯವರನ್ನು ಕೂಡಿಸಿಕೊಂಡು ಪ್ಯಾಂಟೆರಾದವರೂ ನುಡಿಸಿದರು. ಗಾಯಕ ಆಝಿ ಆಸ್ಬರ್ನ್ ಕೂತುಕೊಂಡೇ ಹಾಡಿದ. ಜುಲೈ 22ರಂದು ತೀರಿಕೊಂಡ. ಐಯೋಮಿ, ವಾರ್ಡ್ ಇಬ್ಬರಿಗೂ ಆಗ 77. ನುಡಿಸಿದ್ದು ನಾಲ್ಕೇ ಹಾಡು.

ಮಕ್ಕಳೇ, ಮುಂದಿನ ಸಲ ಇಂಥ ಹಾಡು ಹಾಕಿದಾಗ ಒಮ್ಮೆ ಗಿಟಾರನ್ನು ಬಿಟ್ಟು ಡ್ರಮ್ಮನ್ನು ಮಾತ್ರ ಹಿಂಬಾಲಿಸಿ. ಅದು ಎಲ್ಲಿ ಮಾತಾಡುತ್ತದೆ, ಎಲ್ಲಿ ಸುಮ್ಮನಿರುತ್ತದೆ ನೋಡಿ. ಹಿರಿಯರೂ ಜೊತೆಗೆ ಕೂತರೆ ಸಂತೋಷ. ಕೇಳಿದ ಮೇಲೂ ಇಷ್ಟವಾಗದಿದ್ದರೆ ಬೇಡ, ಆದರೆ ಅದು ಬರೀ ಗಲಾಟೆ ಎಂದು ಮಾತ್ರ ಅನ್ನಿಸಲಾರದು.