ಮರ ನೋಡಿಕೊಳ್ಳುವ ಕಸುಬು: ಕಲಿಸಿದವರು, ಕಲಿತವರು

ಬೆಂಗಳೂರಿನ ಲಾಲ್‌ಬಾಗ್ ಬಗ್ಗೆ ನೀವು ಓದಿರುತ್ತೀರಿ. 1760ರಲ್ಲಿ ಹೈದರ್ ಅಲಿ ಅದನ್ನು ಆರಂಭಿಸಿದ. ಟಿಪ್ಪು ಸುಲ್ತಾನ್ ದೂರದ ನಾಡುಗಳಿಂದ ಗಿಡ, ಬೀಜಗಳನ್ನು ತರಿಸಿ ಬೆಳೆಸಿದ. ಆದರೆ ಆ ಗಿಡಗಳಿಗೆ ಪಾತಿ ಮಾಡಿದವರು, ಕಸಿ ಕಟ್ಟಿದವರು, ಒಣಗಿದ ಕೊಂಬೆ ಸವರಿದವರು ಯಾರು? ಅವರು ಆ ಕೆಲಸವನ್ನು ಎಲ್ಲಿ ಕಲಿತರು? ಚರಿತ್ರೆಯಲ್ಲಿ ದೊರೆಗಳ ಹೆಸರಿದೆ, ಅಧಿಕಾರಿಗಳ ಹೆಸರಿದೆ. ಕತ್ತಿ, ಗುದ್ದಲಿ ಹಿಡಿದವರ ಹೆಸರು ಸಿಗುವುದು ಕಡಿಮೆ.

ಅಪ್ಪನಿಂದ ಮಗನಿಗೆ

ಬೆಂಗಳೂರು ಸುತ್ತಲಿನ ತಿಗಳ ಸಮುದಾಯದವರು ತೋಟಗಾರಿಕೆಗೆ ಹೆಸರಾದವರು. ಅಂಥ ಮನೆತನಗಳಲ್ಲಿ ಪಾಠಶಾಲೆಯೆಂದರೆ ತೋಟವೇ. ಯಾವ ಕಡ್ಡಿ ಚಿಗುರುತ್ತದೆ, ಯಾವ ಹದದಲ್ಲಿ ಕಸಿ ಕೂಡುತ್ತದೆ ಎಂಬುದನ್ನು ಮಕ್ಕಳು ಹಿರಿಯರ ಜೊತೆ ಕೆಲಸ ಮಾಡುತ್ತಲೇ ತಿಳಿಯುತ್ತಿದ್ದರು. ಈ ಕಲಿಕೆ ಗಟ್ಟಿಯಾದದ್ದು. ಆದರೆ ಅದಕ್ಕೊಂದು ಮಿತಿಯೂ ಇತ್ತು. ಮಗ ಬೇರೆ ಉದ್ಯೋಗ ಹಿಡಿದರೆ ವಿದ್ಯೆ ಅಲ್ಲಿಗೇ ನಿಲ್ಲುತ್ತಿತ್ತು. ಹೊರಗಿನವರಿಗೆ ಅದು ಸುಲಭವಾಗಿ ದಕ್ಕುತ್ತಿರಲಿಲ್ಲ.

ಕ್ಯೂನಿಂದ ಲಾಲ್‌ಬಾಗ್‌ಗೆ

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಇದನ್ನು ನೋಡಿಕೊಳ್ಳಲು ಬಂದ ವಿಲಿಯಂ ನ್ಯೂ, ಅವನ ನಂತರ 1874ರಲ್ಲಿ ಬಂದ ಜಾನ್ ಕ್ಯಾಮರಾನ್, ಇಬ್ಬರೂ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದವರು. ಕ್ಯೂನ ಕ್ರಮವನ್ನು ಗಮನಿಸಿ: ಅಲ್ಲಿ ಎಳೆಯ ತೋಟಗಾರರು ಹಗಲು ಮಡಿಗಳಲ್ಲಿ ದುಡಿದು ಸಂಜೆ ಸಸ್ಯಶಾಸ್ತ್ರದ ಉಪನ್ಯಾಸ ಕೇಳುತ್ತಿದ್ದರು. 1871ರಲ್ಲಿ ಅವರದೇ ಒಂದು ಸಂಘವೂ ಹುಟ್ಟಿತು. ಒಬ್ಬರು ಪ್ರಬಂಧ ಓದುವುದು, ಉಳಿದವರು ಚರ್ಚಿಸುವುದು ಅದರ ಪದ್ಧತಿ. ಕೈಗೆ ಕೆಲಸ, ತಲೆಗೆ ವಿಜ್ಞಾನ, ಎರಡೂ ಒಟ್ಟಿಗೇ.

1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜಿ. ಎಚ್. ಕೃಂಬಿಗಲ್ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿದವರು. ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತು, ಹ್ಯಾಂಬರ್ಗ್‌ನಲ್ಲಿ ದುಡಿದು, ಕ್ಯೂ ಸೇರಿ, 1893ರಲ್ಲಿ ಬರೋಡಕ್ಕೆ ಬಂದರು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದ ಕೀರ್ತಿ ಅವರದು. ಅವರ ಕೈಕೆಳಗೆ ಪಳಗಿ, ಕ್ಯೂನಲ್ಲೂ ತರಬೇತಿ ಪಡೆದ ಎಚ್. ಸಿ. ಜವರಾಯ 1932ರಲ್ಲಿ ಲಾಲ್‌ಬಾಗ್‌ನ ಮುಖ್ಯಸ್ಥರಾದ ಮೊದಲ ಭಾರತೀಯ. ಮುಂದೆ ಬಂದ ಡಾ. ಎಂ. ಎಚ್. ಮರೀಗೌಡರು ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. ಅವರು ನಾಡಿನ ಮೂಲೆಮೂಲೆಗೆ ತೋಟಗಾರಿಕೆ ಕ್ಷೇತ್ರ, ನರ್ಸರಿಗಳನ್ನು ಒಯ್ದರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗಿದ ಸರಪಳಿ ಇದು.

ಕಾಡಿನ ಶಾಲೆ

ಅರಣ್ಯ ವಿದ್ಯೆಯ ಕಥೆಯೂ ಹೀಗೆಯೇ. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಡೀಟ್ರಿಕ್ ಬ್ರಾಂಡಿಸ್ ಕೂಡ ಜರ್ಮನಿಯವರು. ಅವರ ಪ್ರಯತ್ನದಿಂದ 1878ರಲ್ಲಿ ಡೆಹ್ರಾಡೂನ್‌ನಲ್ಲಿ ಅರಣ್ಯ ಶಾಲೆ ಆರಂಭವಾಯಿತು. ವರ್ಷದ ಒಂದು ಭಾಗ ತರಗತಿ, ಮಿಕ್ಕ ಭಾಗ ಕಾಡು. ದಕ್ಷಿಣದವರಿಗಾಗಿ 1912ರಲ್ಲಿ ಕೊಯಮತ್ತೂರಿನಲ್ಲಿ ಕಾಲೇಜು ಬಂತು. ಇಂದು ಧಾರವಾಡದ ಬಳಿಯ ಗುಂಗರಗಟ್ಟಿಯಲ್ಲಿ ಅರಣ್ಯ ಅಕಾಡೆಮಿಯೂ ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳೂ ಇವೆ.

ಈ ಚರಿತ್ರೆಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ನಾವು ಹೆಚ್ಚಾಗಿ ಕಲಿಸಿದ್ದು ಮೇಲ್ವಿಚಾರಣೆ ಮಾಡುವವರಿಗೆ. ಮರ ಹತ್ತಿ ಗರಗಸ ಹಿಡಿಯುವವರ ಕಲಿಕೆಯನ್ನು ಅವರವರ ಪಾಡಿಗೆ ಬಿಟ್ಟೆವು. 1961ರ ಅಪ್ರೆಂಟಿಸ್ ಕಾಯ್ದೆ ಎಂದರೆ ನಮಗೆ ನೆನಪಾಗುವುದು ಫಿಟ್ಟರ್, ಟರ್ನರ್, ಎಲೆಕ್ಟ್ರೀಷಿಯನ್. ಮರದ ಆರೈಕೆ ಕಲಿಯಬೇಕಾದ ಕಸುಬೆಂದು ನಮಗೆ ತೋಚುವುದೇ ಅಪರೂಪ.

ಕಲಿಯದಿದ್ದರೆ ಆಗುವ ನಷ್ಟವೇನು?

ಇದಕ್ಕೆ ಉತ್ತರ ಮರದ ಒಳಗೇ ಇದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ (1930–2006) ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿದರು. ನಮ್ಮ ಚರ್ಮ ಗಾಯವಾದಾಗ ಹೊಸ ಜೀವಕೋಶಗಳಿಂದ ದುರಸ್ತಿಯಾಗುತ್ತದೆ. ಮರಕ್ಕೆ ಈ ಶಕ್ತಿ ಇಲ್ಲ. ಅದು ಗಾಯಗೊಂಡ ಭಾಗದ ಸುತ್ತ ರಾಸಾಯನಿಕ ಗೋಡೆ ಕಟ್ಟಿ, ಕೊಳೆತವನ್ನು ಅಲ್ಲೇ ಕೂಡಿಹಾಕಿ, ಹೊರಗೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. 1977ರಲ್ಲಿ ಅವರು ಇದನ್ನೊಂದು ಮಾದರಿಯಾಗಿ ಪ್ರಕಟಿಸಿದರು.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂಥ ಒಂದು ಉಬ್ಬು ಇರುತ್ತದೆ. ಗಾಯವನ್ನು ಮುಚ್ಚುವ ಅಂಗಾಂಶ ಬರುವುದು ಅಲ್ಲಿಂದಲೇ. ಅಂದವಾಗಲೆಂದು ಕಾಂಡಕ್ಕೆ ಒತ್ತಿ ಕೊಯ್ದರೆ ಉಬ್ಬು ಹೋಗಿ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಉದ್ದದ ಮೋಟು ಉಳಿಸಿದರೆ ಗಾಯ ಮುಚ್ಚುವುದೇ ಇಲ್ಲ. ಬಣ್ಣ, ಟಾರು ಬಳಿದರೂ ಕೊಳೆಯುವುದು ನಿಲ್ಲದು. ಸರಿಯಾದ ಕ್ರಮದಲ್ಲಿ ಮೂರು ಕೊಯ್ತಗಳಿವೆ. ಮೊದಲು ಬುಡದಿಂದ ಸುಮಾರು ಒಂದು ಅಡಿ ದೂರದಲ್ಲಿ, ಕೆಳಗಿನಿಂದ ಸ್ವಲ್ಪ ಆಳಕ್ಕೆ. ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ. ಕೊನೆಗೆ ಉಬ್ಬಿನ ಹೊರ ಅಂಚಿನಲ್ಲಿ. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸುಲಿಯುವುದಿಲ್ಲ. ಇದನ್ನು ಓದಲು ಒಂದು ನಿಮಿಷ ಸಾಕು. ಆದರೆ ಹಗ್ಗದಲ್ಲಿ ತೂಗುತ್ತ, ವಿದ್ಯುತ್ ತಂತಿಗೆ ತಾಗದಂತೆ ಮಾಡಲು ಬಲ್ಲವರ ಜೊತೆಗಿದ್ದು ಕಲಿಯಬೇಕು. ಇಲ್ಲದಿದ್ದರೆ ಮರಕ್ಕಿಂತ ಮೊದಲು ಮನುಷ್ಯನ ಜೀವಕ್ಕೇ ಅಪಾಯ.

ಜರ್ಮನಿಯಲ್ಲಿ ತೋಟಗಾರನಾಗಲು ಮೂರು ವರ್ಷದ ಅಪ್ರೆಂಟಿಸ್ ತರಬೇತಿ ಇದೆ. ಕೆಲಸದ ಜಾಗ ಮತ್ತು ಶಾಲೆ ಎರಡರಲ್ಲೂ ಕಲಿಕೆ. ಇಂಗ್ಲೆಂಡಿನಲ್ಲಿ ಮರದ ಆರೈಕೆಗೇ ಪ್ರತ್ಯೇಕ ಅಪ್ರೆಂಟಿಸ್ ತರಬೇತಿ ಇದೆ.

ಬಾಳೆಹೊಸೂರಿನಿಂದ ನೋಡಿದರೆ

ಗದಗ ಜಿಲ್ಲೆಯ ಬಾಳೆಹೊಸೂರಿನಂಥ ಊರಿನ ವಿದ್ಯಾರ್ಥಿಗೆ ಇದರಿಂದ ಏನು ಪ್ರಯೋಜನ? ಮಳೆ ಕಡಿಮೆ ಇರುವ ಸೀಮೆ ಅದು. ಅಲ್ಲಿ ಒಂದು ಬೇವು ನೆರಳು ಕೊಡುವಷ್ಟು ಬೆಳೆಯಲು ವರ್ಷಗಳೇ ಬೇಕು. ತಪ್ಪು ಕೊಯ್ತಕ್ಕೆ ಅರೆಗಳಿಗೆ ಸಾಕು. ಗದಗ, ಶಿರಹಟ್ಟಿ, ಮುಂಡರಗಿ ಭಾಗಗಳಿಗೆ ಹಬ್ಬಿದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅದರ ಅಂಚಿನ ಊರುಗಳಿಗೆ, ರಸ್ತೆಬದಿಯ ಸಾಲುಮರಗಳಿಗೆ, ಶಾಲೆ–ಆಸ್ಪತ್ರೆಗಳ ಅಂಗಳಕ್ಕೆ ಮರ ಬಲ್ಲವರು ಬೇಕು. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗಾಗಿ 10 ತಿಂಗಳ ತರಬೇತಿ ನಡೆಸುತ್ತ ಬಂದಿದೆ. ಐಟಿಐ ವೃತ್ತಿಗಳ ಪಟ್ಟಿಯಲ್ಲಿ ಹೂಬೇಸಾಯ ಮತ್ತು ಉದ್ಯಾನ ರಚನೆಯೂ ಇದೆ. ಇವುಗಳ ಜೊತೆಗೆ ಒಂದೆರಡು ವರ್ಷ ನುರಿತವರ ಕೈಕೆಳಗೆ, ಸಂಬಳ ಪಡೆಯುತ್ತ ಕಲಿಯುವ ವ್ಯವಸ್ಥೆ ಸೇರಿದರೆ ಸರಪಳಿ ಪೂರ್ತಿಯಾದೀತು.

ಅಧ್ಯಾಪಕರೇ, ಈ ವಾರ ವಿದ್ಯಾರ್ಥಿಗಳೊಡನೆ ಊರಿನ ಹತ್ತು ಮರಗಳನ್ನು ನೋಡಿ. ಯಾವ ಗಾಯ ಸುತ್ತಲೂ ಉಂಗುರದಂತೆ ಮುಚ್ಚಿದೆ, ಯಾವುದು ಟೊಳ್ಳಾಗಿದೆ, ಎಲ್ಲಿ ಮೋಟು ಉಳಿದಿದೆ ಎಂದು ಪಟ್ಟಿ ಮಾಡಿಸಿ. ಮರ ಸವರುವವರು ಬಂದಾಗ ಅವರನ್ನೂ ಮಾತನಾಡಿಸಿ, ಆ ಕೆಲಸವನ್ನು ಅವರಿಗೆ ಕಲಿಸಿದವರು ಯಾರೆಂದು ಕೇಳಿ ಬರೆದಿಡಿ. ಚರಿತ್ರೆಯಲ್ಲಿ ಬಿಟ್ಟುಹೋದ ಪುಟಗಳು ಅವು.