ಪೋತ್ನಾಳದಿಂದ ಡಿಗ್ರಿಗೆ: ಮಾನ್ವಿಯೋ, ಸಿಂಧನೂರೋ?

ಪಿಯುಸಿ ಮುಗಿಸಿದ ಪೋತ್ನಾಳದ ಮಕ್ಕಳಿಗೆ ಬಿಎ ಓದಲು ಎರಡು ದಿಕ್ಕು. ಒಂದು ಕಡೆ ಮಾನ್ವಿ, ಇನ್ನೊಂದು ಕಡೆ ಸಿಂಧನೂರು. ಎರಡೂ ಊರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮಾನ್ವಿಯಲ್ಲಿ ಲೊಯೋಲಾ ಪದವಿ ಕಾಲೇಜೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಹಾಗಾಗಿ ಹತ್ತಿರ-ದೂರ ನೋಡೋದಕ್ಕಿಂತ ಕ್ಲಾಸು ನಡೀತಾವೋ ಇಲ್ಲೋ ನೋಡಬೇಕು.

ಅರ್ಜಿ ಹಾಕುವ ಮುಂಚೆ ಕಾಲೇಜಿಗೆ ಒಮ್ಮೆ ಹೋಗಿ ಬರುವುದು ಒಳ್ಳೇದು. ಬೇಕಾದ ವಿಷಯಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ, ಅತಿಥಿ ಉಪನ್ಯಾಸಕರಾದರೆ ಯಾವ ತಿಂಗಳಿಂದ ಬರ್ತಾರೆ, ಊರಿನ ಬಸ್ಸಿಗೆ ಮುಂಚೆ ಪಾಠ ಮುಗಿಯುತ್ತಾ ಅಂತ ಎರಡನೇ ವರ್ಷದ ವಿದ್ಯಾರ್ಥಿಗಳನ್ನೇ ಕೇಳಬೇಕು. ಆಫೀಸಿನವರಿಗಿಂತ ಅವರೇ ಬಿಚ್ಚಿ ಹೇಳ್ತಾರೆ.

ಸರ್ಕಾರಿ ಕಾಲೇಜಿನ ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಆಧಾರ್, ಎಸ್ಸೆಸ್ಸೆಲ್ಸಿ-ಪಿಯುಸಿ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಟ್ಟುಕೊಂಡಿರಬೇಕು. ಹೆಸರು ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು ಇದ್ದರೆ ಮುಂದೆ ಸ್ಕಾಲರ್‌ಶಿಪ್‌ಗೆ ತೊಡಕು, ಮೊದಲೇ ತಿದ್ದಿಸಿಕೊಳ್ಳಬೇಕು. 2024-25ರಿಂದ ಡಿಗ್ರಿ ಮತ್ತೆ 3 ವರ್ಷ.

ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಓದಿ ಡಿಗ್ರಿ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವರ್ಷಕ್ಕೆ 30,000 ರೂಪಾಯಿ ಸ್ಕಾಲರ್‌ಶಿಪ್ ಇದೆ. ದುಡ್ಡಿಲ್ಲ ಅಂತ ಮಗಳನ್ನು ಮನೇಲಿ ಕೂರಿಸುವ ಮುಂಚೆ ಇದೊಂದು ಅರ್ಜಿ ಹಾಕಿ ನೋಡಬೇಕು.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಬಿಎ ಇದೆ. ಫೀಸು ಕೇಳಿದರೆ ಎದೆ ಧಸಕ್ ಅನ್ನುತ್ತೆ, ಆದರೆ ಮನೆ ಆದಾಯ ನೋಡಿ ಮಾಫಿ ಕೊಡ್ತಾರೆ. ಪ್ರವೇಶ ಪರೀಕ್ಷೆ ಬರೆಯಬೇಕು, ಪಾಠ ಇಂಗ್ಲಿಷಿನಲ್ಲಿ. ಅರ್ಜಿ ಕರೆಯೋದು ಪಿಯುಸಿ ಪರೀಕ್ಷೆಗೂ ಮುಂಚೆಯೇ.